ಕೇಬಲ್‌ನವರ ‘ವರ್ಷದ ಪ್ಯಾಕ್’ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ವರ್ಷದ ದುಡ್ಡು ಒಂದೇ ಸಲ ಕೊಟ್ಟುಬಿಡಿ, ಕಮ್ಮಿ ಮಾಡಿಕೊಡ್ತೀನಿ ಅಂತ ನಿಮ್ಮ ಏರಿಯಾದ ಕೇಬಲ್‌ನವನು ಮನೆ ಬಾಗಿಲಿಗೆ ಬಂದರೆ ದಯವಿಟ್ಟು ಕೊಡಬೇಡಿ. ರಸೀದಿ ಇಲ್ಲದೆ ಅಂತೂ ಒಂದು ರೂಪಾಯಿಯನ್ನೂ ಕೊಡಬೇಡಿ. ದಾವಣಗೆರೆಯಲ್ಲಿ ನಮಗೆ ಆಗಿದ್ದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಮ್ಮ ಮನೆಯಲ್ಲಿ ಎರಡು ಟಿವಿ. ಹಾಲ್‌ನಲ್ಲಿ ಒಂದು, ಅತ್ತೆಯ ರೂಮಿನಲ್ಲಿ ಒಂದು. ಅತ್ತೆಗೆ ಮಂಡಿನೋವು, ಹೊರಗೆ ಓಡಾಡುವುದು ಕಮ್ಮಿ. ಸಂಜೆಯಾದರೆ ಧಾರಾವಾಹಿಗಳೇ ಅವರಿಗೆ ಜೊತೆ. ನಮ್ಮ ಯಜಮಾನರಿಗೆ ಕ್ರಿಕೆಟ್. ಹಾಗಾಗಿ ನಾವು ಕೇಳಿದ್ದು ಇಷ್ಟೇ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ನಾಲ್ಕೂ ಬರಬೇಕು. ಸ್ಪೋರ್ಟ್ಸ್ ಇರಬೇಕು. ಎರಡೂ ಟಿವಿಗೆ ಬರಬೇಕು.

‘ಎಲ್ಲಾ ಬರುತ್ತೆ ಅಕ್ಕಾ, ಇನ್ನೂರಕ್ಕಿಂತ ಜಾಸ್ತಿ ಚಾನೆಲ್ ಬರುತ್ತೆ. ತಿಂಗಳಿಗೆ ನಾನೂರು. ವರ್ಷದ್ದು ಒಂದೇ ಸಲ ಕೊಟ್ರೆ ನಾಲ್ಕು ಸಾವಿರದ ಇನ್ನೂರು ಮಾಡ್ಕೊಡ್ತೀನಿ’ ಅಂದ. ಅತ್ತೆಯ ರೂಮಿಗೆ ಹೊಸ ಬಾಕ್ಸ್ ಅಂತ ಬೇರೆ 1,200 ರೂಪಾಯಿ ತೆಗೆದುಕೊಂಡ. ಎಷ್ಟೋ ವರ್ಷದಿಂದ ನಮ್ಮ ಬೀದಿಗೆ ಕೇಬಲ್ ಎಳೆದವನು ಅವನೇ. ಹಬ್ಬಕ್ಕೆ ಹೋಳಿಗೆ ತಿಂದು ಹೋದವನು. ಯಾರಾದರೂ ಅನುಮಾನ ಪಡುತ್ತಾರಾ? ದುಡ್ಡು ಫೋನಿನಲ್ಲೇ ಹೋಯಿತು, ಕಂಪನಿಯ ಅಕೌಂಟಿಗಲ್ಲ, ಅವನ ಸ್ವಂತ ನಂಬರಿಗೆ. ಬಿಲ್ ಕೇಳಿದ್ದಕ್ಕೆ ಜೇಬಿನಿಂದ ಗುಲಾಬಿ ಬಣ್ಣದ ಕಾರ್ಡ್ ತೆಗೆದ. ನೀವೆಲ್ಲ ನೋಡಿರುತ್ತೀರಿ, ಹನ್ನೆರಡು ತಿಂಗಳಿಗೆ ಹನ್ನೆರಡು ಚೌಕ ಇರುವ ಕೇಬಲ್ ಕಾರ್ಡ್. ಹನ್ನೆರಡೂ ಚೌಕದ ಮೇಲೆ ಅಡ್ಡಡ್ಡ ಒಂದೇ ಗೆರೆ ಎಳೆದು ‘ಫುಲ್ ಪೇಡ್’ ಅಂತ ಬರೆದು ಸೈನ್ ಹಾಕಿ ಕೊಟ್ಟ. ನಾವು ಕಟ್ಟಿದ್ದು ನೋಡಿ ಪಕ್ಕದ ಮನೆಯವರೂ ಕಟ್ಟಿದರು.

ಮೊದಲ ತಿಂಗಳು ಎಲ್ಲಾ ಬಂತು. ಎರಡನೇ ತಿಂಗಳು ಸ್ಪೋರ್ಟ್ಸ್ ಹೋಯಿತು. ಆಮೇಲೆ ಒಂದು ಸಂಜೆ ಅತ್ತೆ ನೋಡುತ್ತಿದ್ದ ಧಾರಾವಾಹಿಯ ಚಾನೆಲ್ಲೇ ಮಾಯ. ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’ ಅಂತ ಒಂದು ನೀಲಿ ಪಟ್ಟಿ, ಕೆಳಗೆ ಉದ್ದನೆಯ ನಂಬರ್. ಅತ್ತೆ ರಿಮೋಟ್ ಹಿಡಿದುಕೊಂಡು ‘ನಾನೇನಾದ್ರೂ ಒತ್ತಿಬಿಟ್ನೇನಮ್ಮಾ’ ಅಂತ ಕೇಳಿದರು. ಎಷ್ಟು ಬೇಜಾರಾಯಿತು ಅಂದರೆ ಹೇಳಲಾರೆ.

ಅವನಿಗೆ ಫೋನ್ ಮಾಡಿದರೆ ‘ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಅಕ್ಕಾ.’ ಮಾಡಿದೆವು. ಬರಲಿಲ್ಲ. ಇನ್ನೊಮ್ಮೆ ಮಾಡಿದರೆ ‘ಸರ್ವರ್ ಪ್ರಾಬ್ಲಂ.’ ಮತ್ತೆ ಮಾಡಿದರೆ ‘ಚಾನೆಲ್‌ನವರು ರೇಟ್ ಜಾಸ್ತಿ ಮಾಡಿದ್ದಾರೆ, ಅದಕ್ಕೆ ಕಂಪನಿಯವರು ತೆಗೆದಿದ್ದಾರೆ. ಬೇಕಾದ್ರೆ ಮೇಲೆ ತಿಂಗಳಿಗೆ ನೂರೈವತ್ತು ಹಾಕಿ, ಬಿಡಿಸಿಕೊಡ್ತೀನಿ.’ ವರ್ಷದ ದುಡ್ಡು ತಗೊಂಡು ಮೇಲೆ ಇನ್ನೂ ನೂರೈವತ್ತು!

ಆ ದಿನ ಬಾಕ್ಸ್ ತಿರುಗಿಸಿ, ತಳದಲ್ಲಿ ಅಂಟಿಸಿದ್ದ ವಿಸಿ ನಂಬರ್, ಅಂದರೆ ಕಂಪನಿಯವರು ಬಾಕ್ಸನ್ನು ಗುರುತಿಸುವ ನಂಬರ್, ಬರೆದುಕೊಂಡು, ಸಿಗ್ನಲ್ ಕೊಡುವ ಕಂಪನಿಯ ಕಸ್ಟಮರ್ ಕೇರ್‌ಗೆ ನೇರವಾಗಿ ಫೋನ್ ಮಾಡಿದೆ. ಆ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು. ‘ಮೇಡಂ, ಈ ನಂಬರಿಗೆ ವರ್ಷದ ಪ್ಯಾಕ್ ಯಾವತ್ತೂ ಹಾಕಿಲ್ಲ. ಒಂದೊಂದು ತಿಂಗಳದ್ದೇ ರೀಚಾರ್ಜ್ ಆಗಿದೆ. ಮೊದಲ ತಿಂಗಳು ದೊಡ್ಡ ಪ್ಯಾಕ್, ಆಮೇಲೆ ಎಲ್ಲಾ ಬೇಸಿಕ್.’ ನಾನು ಇನ್ನೊಂದು ಸಲ ಓದಿ ಹೇಳಮ್ಮಾ ಅಂದೆ. ಓದಿದಳು. ಅದೇ. ಎರಡನೇ ಬಾಕ್ಸಿನ ನಂಬರ್ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ನಿಮ್ಮ ಹೆಸರಲ್ಲಿ ಇಲ್ಲ ಮೇಡಂ’ ಅಂದಳು. ಹೊಸದು ಅಂತ 1,200 ರೂಪಾಯಿ ತಗೊಂಡು ಕೊಟ್ಟ ಬಾಕ್ಸ್ ಬೇರೆ ಯಾರದೋ ಹೆಸರಿನದು! ಕೈ ನಡುಗುತ್ತಿತ್ತು ನನಗೆ. ನಮ್ಮ ದುಡ್ಡೆಲ್ಲ ಅವನ ಜೇಬಿಗೆ ಹೋಗಿದೆ. ಅವನು ತನ್ನ ಲಾಗಿನ್‌ನಿಂದ ತಿಂಗಳು ತಿಂಗಳು ಅಗ್ಗದ ಪ್ಯಾಕ್ ಹಾಕಿ ಕೂತಿದ್ದಾನೆ. ಕಂಪನಿಯ ಲೆಕ್ಕದಲ್ಲಿ ನಾವು ಬೇಸಿಕ್ ಗಿರಾಕಿಗಳು, ಅಷ್ಟೇ.

ಅವನ ಆಫೀಸಿಗೇ ಹೋಗಿ ಕಾರ್ಡ್ ಮೇಜಿನ ಮೇಲೆ ಇಟ್ಟೆವು. ಅವನು ಕಾರ್ಡ್ ತಿರುಗಿಸಿ ತಿರುಗಿಸಿ ನೋಡಿ ಹೇಳಿದ ಮಾತು ಇದು: ‘ಇದರಲ್ಲಿ ಪ್ಯಾಕ್ ಹೆಸರು ಎಲ್ಲಿದೆ ಅಕ್ಕಾ? ವರ್ಷ ಪೂರ್ತಿ ಟಿವಿ ಬರುತ್ತೆ ಅಂದಿದ್ದೆ, ಬರ್ತಾ ಇದೆ ಅಲ್ವಾ?’ ಅಲ್ಲಿ ಕೂತಿದ್ದ ಹುಡುಗರು ನಕ್ಕರು. ಯಜಮಾನರು ದುಡ್ಡು ವಾಪಸ್ ಕೊಡಪ್ಪಾ ಅಂದರೆ, ‘ಬೇಡ ಅಂದ್ರೆ ಡಿಶ್ ಹಾಕಿಸ್ಕೊಳ್ಳಿ ಸಾರ್’ ಅಂದ. ಗೊತ್ತು ಅವನಿಗೆ, ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ನಡೆಯಲ್ಲ. ಬಿಟ್ಟು ಹೋದರೆ ಬಾಕ್ಸಿನ ದುಡ್ಡೂ ಹೋಯಿತು, ವರ್ಷದ ದುಡ್ಡೂ ಹೋಯಿತು. ಪಕ್ಕದ ಮನೆಯವರಿಗೆ ಈ ವಿಷಯ ಹೇಳುವಾಗ ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ಅವರ ಬಾಕ್ಸಿನದೂ ಇದೇ ಕಥೆ.

ಈಗ ಕೇಳಿ. 2019ರಲ್ಲಿ ಟ್ರಾಯ್‌ನ (ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ) ಹೊಸ ಪದ್ಧತಿ ಬಂದಾಗ ಲಿಸ್ಟಿನಲ್ಲಿ ಟಿಕ್ ಹಾಕಿ ಚಾನೆಲ್ ಆರಿಸಿದ್ದು ನೆನಪಿದೆಯಲ್ವಾ? ಆ ಹಕ್ಕು ಈಗಲೂ ಇದೆ. ದುಡ್ಡು ಕೊಟ್ಟು ನೋಡುವ ಪ್ರತಿ ಪೇ ಚಾನೆಲ್‌ಗೂ ಎಂಆರ್‌ಪಿ ಇದೆ, ಒಂದೊಂದಾಗಿ ಬಿಡಿಬಿಡಿಯಾಗಿ ತಗೊಳ್ಳಬಹುದು. ಬೊಕೆಯಲ್ಲಿ, ಅಂದರೆ ಹಲವು ಚಾನೆಲ್ ಒಟ್ಟಿಗೆ ಕೊಡುವ ಪ್ಯಾಕಿನಲ್ಲಿ, ಸೇರಿಸಿರುವ ಯಾವ ಚಾನೆಲ್‌ನ ಬೆಲೆಯೂ 19 ರೂಪಾಯಿ ದಾಟುವಂತಿಲ್ಲ. ಟಿವಿ9, ಪಬ್ಲಿಕ್ ಟಿವಿ, ಡಿಡಿ ಚಂದನ ಇವಕ್ಕೆ ಚಾನೆಲ್ ದುಡ್ಡೇ ಇಲ್ಲ. ಇನ್ನೂರು ಚಾನೆಲ್ ಅಂತ ಹೇಳಿದಾಗ ಅದರಲ್ಲಿ ಮುಕ್ಕಾಲು ಭಾಗ ಇಂಥ ಪುಕ್ಕಟೆ ಚಾನೆಲ್, ನಮಗೆ ಅರ್ಥವೇ ಆಗದ ಭಾಷೆಯವು, ಪಾತ್ರೆ, ಸೀರೆ ಮಾರುವವು. ನಮ್ಮ ಬಾಕ್ಸಿನಲ್ಲಿ ಹಾಗೇ ಇತ್ತು. ಎಷ್ಟು ಚಾನೆಲ್ ಅಂತ ಕೇಳಬೇಡಿ, ಯಾವ ಯಾವ ಚಾನೆಲ್ ಅಂತ ಹೆಸರು ಕೇಳಿ. ಚಾನೆಲ್ ದುಡ್ಡಿನ ಮೇಲೆ ನೆಟ್‌ವರ್ಕ್ ಫೀ, ಅಂದರೆ ಮನೆಗೆ ಸಿಗ್ನಲ್ ತಲುಪಿಸುವುದಕ್ಕೆ ತಿಂಗಳು ತಿಂಗಳು ಕೊಡುವ ದುಡ್ಡು, ಬೇರೆ ಇರುತ್ತದೆ. ಮೊದಲು ಅದಕ್ಕೆ 130 ರೂಪಾಯಿಯ ಮಿತಿ ಇತ್ತು, 18 ಪರ್ಸೆಂಟ್ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2024ರಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆದುಹಾಕಿತು, ಕಂಪನಿಯವರೇ ರೇಟ್ ಹಾಕಬಹುದು. ಅದಕ್ಕೇ ಬಿಲ್ ಬಿಡಿಸಿ ಕೊಡಿ ಅಂತ ಕೇಳಬೇಕು. ನೆಟ್‌ವರ್ಕ್ ಫೀ ಎಷ್ಟು, ಚಾನೆಲ್ ಎಷ್ಟು, ಬಾಕ್ಸ್ ಎಷ್ಟು, ಟ್ಯಾಕ್ಸ್ ಎಷ್ಟು. ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಆ ಕಾರ್ಡ್ ತೋರಿಸಿದರಂತೂ ಒಪ್ಪಲೇಬೇಡಿ.

ದುಡ್ಡು ಕಟ್ಟಿದ ದಿನವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಮ್ಮ ಹೆಸರಲ್ಲಿ ಯಾವ ಪ್ಯಾಕ್ ಇದೆ, ಯಾವತ್ತಿನವರೆಗೆ ಇದೆ ಅಂತ ಕೇಳಿ. ಐದು ನಿಮಿಷದ ಕೆಲಸ. ಎರಡನೇ ಟಿವಿಯ ಬಾಕ್ಸ್ ಯಾರ ಹೆಸರಲ್ಲಿದೆ ಅಂತಲೂ ಕೇಳಿ. ಎಷ್ಟೇ ಪರಿಚಯದವನಾಗಿದ್ದರೂ ಕೇಳಿ.

ನಾವು ಕಂಪನಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಂಡಿದ್ದೇವೆ. ‘ದುಡ್ಡು ನಮಗೆ ಬಂದಿಲ್ಲ, ಆಪರೇಟರ್ ಹತ್ತಿರ ಮಾತಾಡಿ’ ಅನ್ನುವುದೇ ಅವರ ಉತ್ತರ. ಆ ಆಪರೇಟರ್‌ನನ್ನು ನಮ್ಮ ಏರಿಯಾಕ್ಕೆ ಬಿಟ್ಟಿರುವುದು ಈ ಕಂಪನಿಯವರೇ ಅಲ್ವಾ? ಗಿರಾಕಿ ಯಾರ ಹತ್ತಿರ ಹೋಗಬೇಕು? ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಣೆ ಮಾಡಲ್ಲ, ಕಂಪನಿಗೇ ಕಳಿಸುತ್ತದೆ. ಹಾಗಾಗಿ 1915ಕ್ಕೆ, ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದ್ದೇವೆ. ಫೋನಿನಲ್ಲಿ ದುಡ್ಡು ಹೋದ ಸ್ಕ್ರೀನ್‌ಶಾಟ್ ಮತ್ತು ಆ ಗುಲಾಬಿ ಕಾರ್ಡಿನ ಫೋಟೋ ಇಟ್ಟುಕೊಂಡಿದ್ದೇವೆ. ಪಕ್ಕದ ಮನೆಯವರೂ ದೂರು ಕೊಟ್ಟಿದ್ದಾರೆ.

ಮೊನ್ನೆ ಅವನು ಬಾಕ್ಸ್ ವಾಪಸ್ ಬೇಕು ಅಂತ ಒಬ್ಬ ಹುಡುಗನನ್ನು ಕಳಿಸಿದ್ದ. ಪೂರ್ತಿ ದುಡ್ಡು ತಂದು ಕೊಟ್ಟು ತಗೊಂಡು ಹೋಗೋಕೆ ಹೇಳಪ್ಪಾ ಅಂತ ಹೇಳಿ ಕಳಿಸಿದ್ದೇನೆ.