ಇಆರ್‌ಪಿ ಚಾಲೂ ಮಾಡುವ ಮುನ್ನ ಸ್ಟೋರ್ಸ್ ಲೆಕ್ಕ ಸರಿಮಾಡಿಕೊಳ್ಳಿ

ಬಾರ್ ಕತ್ತರಿಸಿ, ಟರ್ನಿಂಗ್ ಮಾಡಿ, ಪ್ಲೇಟಿಂಗಿಗೆ ಹೊರಗೆ ಕಳಿಸುವ ಒಂದು ಸಣ್ಣ ಮಷಿನ್ ಶಾಪ್. ಟ್ಯಾಲಿ ಬಿಟ್ಟು ಏಪ್ರಿಲ್ 1ಕ್ಕೆ ಇಆರ್‌ಪಿಗೆ, ಅಂದರೆ ಖರೀದಿ, ಸ್ಟೋರ್ಸ್, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಟ್ಟಿಗೆ ನಡೆಸುವ ಸಾಫ್ಟ್‌ವೇರಿಗೆ ಬಂತು. ಜೂನ್ ಹೊತ್ತಿಗೆ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿಗೂ ಸ್ಟೋರ್ಸಿನಲ್ಲಿದ್ದ ಮಾಲಿಗೂ ತಾಳಮೇಳವೇ ಇರಲಿಲ್ಲ. ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ತುಂಬಿದ ಲೆಕ್ಕ ಕೆಟ್ಟಿತ್ತು.

ಮೊದಲನೆಯದು ಅಳತೆ. ಬಾರ್ ಕೊಳ್ಳುವುದು ಕೆಜಿಯಲ್ಲಿ, ಕತ್ತರಿಸುವುದು ಮಿಲಿಮೀಟರಿನಲ್ಲಿ, ಮಾರುವುದು ಪೀಸಿನಲ್ಲಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ, 40 ಮಿ.ಮೀ. ಉಕ್ಕಿನ ಬಾರಿಗೆ 9.88 ಕೆಜಿ. ಹಾಗಾಗಿ 100 ಮಿ.ಮೀ. ಪೀಸಿಗೆ ಬಿಒಎಂನಲ್ಲಿ (ಒಂದು ಪೀಸಿಗೆ ಎಷ್ಟು ಮಾಲು ಬೇಕೆಂಬ ಪಟ್ಟಿಯಲ್ಲಿ) 0.988 ಕೆಜಿ ಎಂದು ಹಾಕಿದ್ದರು. ಗರಗಸ ತಿನ್ನುವ 3 ಮಿ.ಮೀ. ಬಿಟ್ಟೇಹೋಯಿತು. 6 ಮೀಟರ್ ಬಾರಿನಲ್ಲಿ ಬರುವುದು 60 ಪೀಸ್ ಅಲ್ಲ, 58. ತುಂಡು ಉಳಿಯುವುದೂ ಸೇರಿ ಸಾವಿರ ಪೀಸಿಗೆ ಸುಮಾರು 34 ಕೆಜಿ ವ್ಯತ್ಯಾಸ. ಇಲ್ಲದ ಮಾಲು ಸ್ಕ್ರೀನಿನಲ್ಲಿ ಇದೆ ಎಂದು ತೋರುವಾಗ ಖರೀದಿ ವಿಭಾಗ ಆರ್ಡರ್ ಹಾಕುವುದಿಲ್ಲ, ಲೇತ್ ಖಾಲಿ ನಿಲ್ಲುತ್ತದೆ.

ಇದಕ್ಕಿಂತ ದುಬಾರಿಯಾದದ್ದು ಜಾಬ್ ವರ್ಕ್, ಅಂದರೆ ನಮ್ಮ ಮಾಲನ್ನು ಹೊರಗೆ ಕಳಿಸಿ ಮಾಡಿಸುವ ಕೆಲಸ. ಮಾರ್ಚ್ 31ರಂದು ಪ್ಲೇಟಿಂಗಿನವರ ಬಳಿ ಇದ್ದ ಮಾಲು ಹೊಸ ಸಿಸ್ಟಮ್ಮಿನ ಓಪನಿಂಗ್ ಸ್ಟಾಕಿಗೆ (ಆರಂಭದ ದಾಸ್ತಾನಿಗೆ) ಬರಲೇ ಇಲ್ಲ. ಅದು ವಾಪಸ್ ಬಂದಾಗ ಒಳಗೆ ತೆಗೆದುಕೊಳ್ಳಲು ಸಿಸ್ಟಮ್ಮಿನಲ್ಲಿ ಹಳೆಯ ಚಲನ್ (ಮಾಲು ಕಳಿಸಿದಾಗ ಬರೆದ ಚೀಟಿ) ಇರಲಿಲ್ಲ. ಸ್ಟಾಕ್ ಸೊನ್ನೆ, ಇನ್‌ವಾಯ್ಸ್ ಏಳುತ್ತಿಲ್ಲ, ಲಾರಿ ಗೇಟಿನಲ್ಲಿ ಕಾಯುತ್ತಿದೆ. ಆಗ ಯಾರೋ ನೆಗೆಟಿವ್ ಸ್ಟಾಕಿಗೆ, ಅಂದರೆ ಲೆಕ್ಕದಲ್ಲಿ ಇಲ್ಲದ ಮಾಲನ್ನೂ ಹೊರಗೆ ಕಳಿಸಲು, ಅನುಮತಿ ಕೊಡುವ ಟಿಕ್ ಹಾಕಿಬಿಟ್ಟರು. ಆಮೇಲೆ ದರದ ಲೆಕ್ಕವೂ ಹದಗೆಟ್ಟಿತು, ಯಾಕೆಂದರೆ ಇಲ್ಲದ ಮಾಲಿಗೆ ಸಿಸ್ಟಮ್ ಹಚ್ಚುವ ಬೆಲೆ ಬರೀ ಅಂದಾಜು. ದಯವಿಟ್ಟು ಆ ಟಿಕ್ ಮುಟ್ಟಬೇಡಿ. ಆ ಅಧಿಕಾರ ಒಬ್ಬರ ಬಳಿ ಮಾತ್ರ ಇರಲಿ.

ಹೊರಗಿರುವ ಮಾಲನ್ನು ಏಪ್ರಿಲ್ 1ರ ತಾರೀಖಿನಲ್ಲಿ ಒಟ್ಟಿಗೆ ತುಂಬುವುದೂ ತಪ್ಪೇ. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನ ಪ್ರಕಾರ ಕಚ್ಚಾ ಮಾಲು 1 ವರ್ಷದೊಳಗೆ ಜಾಬ್ ವರ್ಕಿನಿಂದ ಬರಬೇಕು; ಬಾರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ತೆರಿಗೆ ಜೊತೆಗೆ ಬಡ್ಡಿ. ಮೂಲ ತಾರೀಖು ಕಳೆದುಹೋದರೆ ಗಡುವು ಗೊತ್ತಾಗುವುದಾದರೂ ಹೇಗೆ? ಪಾರ್ಟಿ, ಚಲನ್ ನಂಬರು, ತಾರೀಖು, ಪ್ರಮಾಣ ಹೀಗೆ ಒಂದೊಂದು ಚಲನನ್ನೂ ಬೇರೆಬೇರೆಯಾಗಿ ತುಂಬಿ, ಪಾರ್ಟಿಯ ಸಹಿ ತನ್ನಿ.

ಇನ್‌ವಾಯ್ಸ್ ನಂಬರನ್ನೂ ನೋಡಿ. ನಿಯಮದಂತೆ ಅದು 16 ಅಕ್ಷರ ಮೀರುವಂತಿಲ್ಲ, ಆದರೆ ಕೆಲವು ಪ್ಯಾಕೇಜುಗಳು ತಾವಾಗಿಯೇ ಕೊಡುವ ಉದ್ದನೆಯ ಸರಣಿ ಮೀರುತ್ತದೆ.

ಚಾಲೂ ಮಾಡುವ ಹಿಂದಿನ ದಿನ ಗರಗಸ ನಿಲ್ಲಿಸಿ ಎಣಿಸಿ. ಪ್ರತಿ ಸೈಜಿನ ಒಂದು ಬಾರನ್ನು ತಕ್ಕಡಿಗೆ ಹಾಕಿ, ಸೂತ್ರದ ತೂಕದೊಂದಿಗೆ ಹೋಲಿಸಿ. ಕನಿಷ್ಠ ಎರಡು ತಿಂಗಳ ಕೊನೆ ದಾಟುವವರೆಗೆ ಹಳೆಯ ಲೆಕ್ಕವೂ ಜೊತೆಗೆ ನಡೆಯಲಿ. ಅಳವಡಿಸುವವರಿಗೆ ಕೊಡುವ ಕೊನೆಯ ಕಂತನ್ನು ಚಾಲೂ ಮಾಡಿದ ದಿನಕ್ಕೆ ಕಟ್ಟಬೇಡಿ. ಮೊದಲ ತಿಂಗಳ ಸ್ಟಾಕ್ ತಾಳೆಯಾಗಿ, ಜಿಎಸ್‌ಟಿ ರಿಟರ್ನ್ ಸಲ್ಲಿಕೆಯಾದ ಮೇಲೆ ಎಂದು ಒಪ್ಪಂದದಲ್ಲೇ ಬರೆಸಿ.