ಮಳೆಗಾಲಕ್ಕೆ ಯಾವ ದ್ವೀಪ? ಲಾಂಟಾ, ಜಮ್, ಪಂಗಾನ್

ಥಾಯ್ಲೆಂಡಿನಲ್ಲಿ ಗದ್ದಲ ಇಲ್ಲದ ದ್ವೀಪ ಬೇಕು, ಖರ್ಚೂ ಕಮ್ಮಿ ಇರಬೇಕು ಅಂದರೆ ಆಫ್ ಸೀಸನ್ನೇ ಸರಿ. ಆದರೆ ಅಲ್ಲಿ ಎಲ್ಲಾ ದ್ವೀಪಗಳಿಗೂ ಮಳೆಗಾಲ ಒಂದೇ ಸಲ ಬರುವುದಿಲ್ಲ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮುಂಗಾರೇ ಅಂಡಮಾನ್ ಸಮುದ್ರ ದಾಟಿ ಫುಕೆಟ್, ಕ್ರಾಬಿ ಕಡೆಗೂ ಬಡಿಯುತ್ತದೆ. ಲಾಂಟಾ, ಜಮ್ ಇರುವುದೂ ಈ ಕಡೆಗೇ. ಇಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಆಚೆ ಮಗ್ಗುಲಲ್ಲಿ, ಥಾಯ್ಲೆಂಡ್ ಕೊಲ್ಲಿಯ ಸಮೂಯಿ, ಪಂಗಾನ್‌ಗಳಿಗೆ ಜೋರು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ.

ಜೂನ್, ಜುಲೈನಲ್ಲಿ ನಾನು ಕೋ ಲಾಂಟಾ, ಕೋ ಜಮ್, ಕೋ ಪಂಗಾನ್ ಮೂರರಲ್ಲೂ ಉಳಿದು ನೋಡಿದ್ದೇನೆ. ನನ್ನ ಓಟು ಲಾಂಟಾಗೆ. ಬೀಚ್ ನೋಡಿ ಹಾಕಿದ ಓಟಲ್ಲ ಅದು. ಮಳೆಗಾಲದಲ್ಲಿ ಯಾವ ಬೀಚೂ ಫೋಟೋದಲ್ಲಿದ್ದಂತೆ ಇರುವುದಿಲ್ಲ. ಪ್ರವಾಸಿಗರು ಬರಲಿ ಬಿಡಲಿ, ಆ ದ್ವೀಪಕ್ಕೆ ತನ್ನದೇ ಒಂದು ಊರು ಇದೆಯಾ ಅನ್ನುವುದೇ ಮುಖ್ಯ.

ಮೊದಲು ಹೋಗುವ ದಾರಿ. ಲಾಂಟಾಗೆ ಕ್ರಾಬಿ ಏರ್‌ಪೋರ್ಟಿನಿಂದ ಮಿನಿವ್ಯಾನ್ ಸಿಗುತ್ತದೆ. ವ್ಯಾನ್ ಬಾನ್ ಹುವಾ ಹಿನ್ ಎಂಬಲ್ಲಿ ನಮ್ಮನ್ನೂ ಹೊತ್ತುಕೊಂಡು ಬಾರ್ಜ್ ಹತ್ತುತ್ತದೆ, ಲಾಂಟಾ ನೋಯ್‌ನಲ್ಲಿ ಇಳಿಯುತ್ತದೆ. ಅಲ್ಲಿಂದ 2016ರಲ್ಲಿ ತೆರೆದ ಸೇತುವೆ ದಾಟಿದರೆ ಲಾಂಟಾ ಯಾಯ್, ಅಂದರೆ ನಾವು ಹೋಗಬೇಕಾದ ದೊಡ್ಡ ದ್ವೀಪ. ಬಾರ್ಜ್ ದಾಟುವ ನೀರು ಕಿರಿದು, ಅಲೆ ಕಮ್ಮಿ. ಮಳೆ ಹುಯ್ಯುತ್ತಿದ್ದರೂ ನಾವು ವ್ಯಾನ್ ಬಿಟ್ಟು ಇಳಿಯಬೇಕಿಲ್ಲ.

ಜಮ್ ಇದರ ಪಕ್ಕದ್ದೇ ದ್ವೀಪ, ಆದರೆ ಕಥೆಯೇ ಬೇರೆ. ಸೀಸನ್‌ನಲ್ಲಿ ಕ್ರಾಬಿಯಿಂದ ಲಾಂಟಾಗೆ ಹೋಗುವ ದೊಡ್ಡ ಬೋಟು ಜಮ್ ಎದುರು ನಿಲ್ಲುತ್ತದೆ. ಅಲ್ಲಿಗೆ ಲಾಂಗ್‌ಟೇಲ್ ದೋಣಿಗಳು ಬಂದು ನಮ್ಮನ್ನು ಇಳಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಆ ಬೋಟೇ ಓಡುವುದಿಲ್ಲ. ಲೆಮ್ ಕ್ರುವಾಟ್ ಜೆಟ್ಟಿಗೆ ಹೋಗಿ ಊರವರು ಓಡಾಡುವ ದೋಣಿ ಹತ್ತಬೇಕು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮೊಟ್ಟೆ ಟ್ರೇಗಳ ನಡುವೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರುವುದು. ನನಗಂತೂ ಖುಷಿಯಾಯಿತು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಬೇಡ. ಪಂಗಾನ್‌ಗೆ ಸೂರತ್ ಥಾನಿ ಕಡೆಯ ಡಾನ್‌ಸಾಕ್‌ನಿಂದ ದೊಡ್ಡ ಫೆರ್ರಿ, ಸುಮಾರು ಎರಡೂವರೆ ಗಂಟೆ. ತಲೆನೋವಿಲ್ಲ.

ಇನ್ನು ಮಳೆ. ಆಗುಂಬೆಯ ಜುಲೈ ನೋಡಿದವರು ಲಾಂಟಾದ ಜುಲೈಗೆ ಹೆದರಬೇಕಿಲ್ಲ. ದಿನವಿಡೀ ಒಂದೇ ಸಮನೆ ಸುರಿಯುವುದು ಕಡಿಮೆ. ಕಪ್ಪಗೆ ಕವಿದು, ಒಂದು ಗಂಟೆ ಚಚ್ಚಿ, ಬಿಸಿಲು ಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಾತ್ರ ಬೇಡ, ಅಲ್ಲಿ ಮಳೆ ಜಾಸ್ತಿ ಆಗುವುದೇ ಆಗ.

ಮಳೆಗಿಂತ ಸಮುದ್ರದ್ದೇ ತೊಂದರೆ. ಲಾಂಟಾ, ಜಮ್ ಎರಡರಲ್ಲೂ ಒಳ್ಳೆಯ ಬೀಚುಗಳು ಪಶ್ಚಿಮಕ್ಕಿವೆ, ಗಾಳಿ ಬರುವುದೂ ಅಲ್ಲಿಂದಲೇ. ನೀರು ಕೆಂಪಗೆ ಕದಡಿರುತ್ತದೆ. ಅಲೆ ತಂದು ಹಾಕಿದ ಪ್ಲಾಸ್ಟಿಕ್ ಬಾಟಲಿ, ಬಲೆಯ ತುಂಡು, ಒಂಟಿ ಚಪ್ಪಲಿ ಮರಳ ಮೇಲೆ ಬಿದ್ದಿರುತ್ತವೆ. ಕೆಂಪು ಬಾವುಟ ಕಂಡರೆ ಸುಮ್ನೆ ದಡದಲ್ಲಿ ಕೂತುಬಿಡಿ, ಒಳಕ್ಕೆ ಎಳೆಯುವ ಸೆಳೆತ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಕೋ ರೋಕ್‌ನಂಥ ಸ್ನಾರ್ಕೆಲಿಂಗ್ ಜಾಗಗಳೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಂದ್. ಈಜಲೇಬೇಕು ಅನ್ನುವವರಿಗೆ ಆಗ ಪಂಗಾನ್ ಒಳ್ಳೆಯದು, ಸಮುದ್ರ ಶಾಂತವಾಗಿರುತ್ತದೆ. ಒಂದೇ ಕೊರತೆ, ಆ ತಿಂಗಳುಗಳಲ್ಲಿ ಅಲ್ಲಿ ನೀರಿನ ಮಟ್ಟ ಇಳಿದಿರುತ್ತದೆ. ಪಶ್ಚಿಮದ ಬೀಚುಗಳಲ್ಲಿ ಎಷ್ಟು ದೂರ ನಡೆದರೂ ಮೊಣಕಾಲುದ್ದ ನೀರು. ಈಶಾನ್ಯದ ಥಾಂಗ್ ನಾಯ್ ಪಾನ್ ಕಡೆ ಹೋದರೆ ಆಳ ಸಿಗುತ್ತದೆ. ಹಾಗಂತ ಪಂಗಾನ್‌ನಲ್ಲಿ ಜುಲೈ, ಆಗಸ್ಟ್ ಆಫ್ ಸೀಸನ್ ಅಂತ ಲೆಕ್ಕ ಹಾಕಬೇಡಿ. ಯುರೋಪಿನವರ ರಜೆ ಆಗಲೇ. ಹಾದ್ ರಿನ್‌ನ ಹುಣ್ಣಿಮೆ ಪಾರ್ಟಿ ಆಸುಪಾಸಿನಲ್ಲಿ ರೂಮಿನ ರೇಟು ಕೇಳುವುದೇ ಬೇಡ.

ಜಮ್‌ನಲ್ಲಿ ನನಗೆ ಸಿಕ್ಕಿದ್ದು ಪೂರ್ತಿ ಮೌನ. ಆದರೆ ಅದು ಬಾಗಿಲು ಹಾಕಿದ ಮೌನ. ಪಶ್ಚಿಮದ ಬೀಚುದ್ದಕ್ಕೂ ಬಂಗಲೆಗಳು ಮುಚ್ಚಿದ್ದವು. ಹಾಸಿಗೆಗಳನ್ನು ಗೋಡೆಗೆ ಒರಗಿಸಿದ್ದರು, ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಕಂಬಕ್ಕೆ ಹಗ್ಗದಿಂದ ಬಿಗಿದಿದ್ದರು. ನಾನಿದ್ದ ಜಾಗದಲ್ಲಿ ಮೆನು ಕಾರ್ಡ್ ದೊಡ್ಡದಿತ್ತು, ಸಿಗುತ್ತಿದ್ದದ್ದು ಫ್ರೈಡ್ ರೈಸ್ ಮತ್ತು ಆಮ್ಲೆಟ್. ಬೇರೇನಾದರೂ ಬೇಕು ಅಂದರೆ ದ್ವೀಪದ ಆ ಕಡೆಯ ಮೀನುಗಾರರ ಹಳ್ಳಿಗೆ ಹೋಗಬೇಕು. ಎರಡು ದಿನ ಸ್ವರ್ಗ, ಆಮೇಲೆ ಕಾಲಕ್ಷೇಪಕ್ಕೆ ಹುಡುಕಾಟ.

ಲಾಂಟಾದಲ್ಲೂ ಬೀಚ್ ಬದಿಯ ಅರ್ಧಕ್ಕರ್ಧ ಮುಚ್ಚಿರುತ್ತದೆ. ಆದರೆ ದ್ವೀಪದ ಮುಖ್ಯ ಪೇಟೆ ಸಲಾದಾನ್‌ನಲ್ಲಿ ಅಂಗಡಿಗಳು ತೆರೆದೇ ಇರುತ್ತವೆ, ಮಕ್ಕಳು ರೇನ್‌ಕೋಟ್ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಾರೆ. ಗುಡ್ಡದ ಆಚೆ, ಪೂರ್ವದ ದಡದಲ್ಲಿ ಓಲ್ಡ್ ಟೌನ್ ಇದೆ. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮರದ ಮನೆಗಳು. ಗಾಳಿ ಗುಡ್ಡಕ್ಕೆ ತಡೆದು ನಿಲ್ಲುವುದರಿಂದ ಈ ಬದಿಯ ಸಮುದ್ರ ಕೆರೆಯ ಹಾಗೆ. ತುಂಗ್ ಯೀ ಪೆಂಗ್‌ನಲ್ಲಿ ಮ್ಯಾಂಗ್ರೋವ್ ನಡುವೆ ಕಯಾಕ್ ಓಡಿಸಬಹುದು. ಹೆಚ್ಚಿನವರು ಮುಸ್ಲಿಮರಾದ್ದರಿಂದ ಸಂಜೆ ಗಾಡಿಗಳಲ್ಲಿ ರೋಟಿ ಸಿಗುತ್ತದೆ. ಹಿಟ್ಟನ್ನು ಎಣ್ಣೆ ಸವರಿದ ಕಲ್ಲಿನ ಮೇಲೆ ಬಡಿದು ಬಡಿದು, ಬಟ್ಟೆಯಂತೆ ತೆಳ್ಳಗೆ ಮಾಡಿ, ಒಳಗೆ ಬಾಳೆಹಣ್ಣು ಇಟ್ಟು ಮಡಚುತ್ತಾರೆ. ಮೇಲೆ ಕಂಡೆನ್ಸ್ಡ್ ಹಾಲು. ನಾನು ನಿಂತಿದ್ದಾಗ ಮಳೆ ಶುರುವಾಯಿತು. ಗಾಡಿಯ ಹೆಂಗಸು ತಲೆ ಎತ್ತಲೂ ಇಲ್ಲ, ಒಂದು ಕೈಯಲ್ಲಿ ಟಾರ್ಪಾಲ್ ಕೆಳಗೆಳೆದರು, ಇನ್ನೊಂದು ಕೈಯಲ್ಲಿ ರೋಟಿ ಮಗುಚಿದರು.

ಸಸ್ಯಾಹಾರಿಗಳಿಗೆ ಮೂರೂ ಕಡೆ ಒಂದೇ ಕಷ್ಟ: ಮೀನಿನ ಸಾಸ್. ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ‘ಜೇ’ ಅಂತ ಹೇಳಿ, ಪೂರ್ತಿ ಸಸ್ಯಾಹಾರ ಬೇಕು ಅಂತ ಗೊತ್ತಾಗುತ್ತದೆ. ಆದರೆ ಜೇ ಅಂದರೆ ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ನಮ್ಮಲ್ಲಿ ಕೆಲವು ಮನೆಯವರಿಗೆ ಅದು ಇನ್ನೂ ಅನುಕೂಲ, ಅಲ್ವಾ! ಈ ವಿಷಯದಲ್ಲಿ ಪಂಗಾನ್ ಗೆಲ್ಲುತ್ತದೆ. ಯೋಗಕ್ಕೆ ಅಂತ ಬರುವವರು ಜಾಸ್ತಿ, ಅವರಿಗಾಗಿ ಸಸ್ಯಾಹಾರಿ ಹೋಟೆಲುಗಳೂ ಇವೆ.

ದುಡ್ಡಿನ ಮಾತು. ಲಾಂಟಾದಲ್ಲಿ ಡಿಸೆಂಬರ್‌ನ ರೇಟಿಗೆ ಹೋಲಿಸಿದರೆ ಅರ್ಧಕ್ಕೇ ರೂಮ್ ಸಿಕ್ಕಿತು, ಆನ್‌ಲೈನಲ್ಲಿ ಅಲ್ಲ, ಹೋಗಿ ಕೇಳಿದಾಗ. ಮೊದಲ ರಾತ್ರಿಗೆ ಮಾತ್ರ ಬುಕ್ ಮಾಡಿ. ಸ್ಕೂಟರ್ ದಿನಕ್ಕೆ 200-250 ಬಾತ್. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ. ಕಾಂತಿಯಾಂಗ್ ಬೇ ದಾಟಿ ದಕ್ಷಿಣಕ್ಕೆ ಹೋದರೆ ರಸ್ತೆ ಕಡಿದಾದ ಏರಿಳಿತ, ಮಳೆ ನಿಂತು ಒಂದರ್ಧ ಗಂಟೆ ಕಳೆಯದೆ ಅತ್ತ ಹೋಗಬೇಡಿ. ಜಮ್‌ಗೆ ಹೋಗುವವರು ಸಾಕಷ್ಟು ನಗದು ಇಟ್ಟುಕೊಳ್ಳಿ, ವಾಪಸ್ ವಿಮಾನಕ್ಕೆ ಮುಂಚೆ ಒಂದು ದಿನ ಕ್ರಾಬಿಯಲ್ಲಿ ಉಳಿಯುವ ಹಾಗೆ ನೋಡಿಕೊಳ್ಳಿ.

ದಸರಾ ರಜೆ ಮುಗಿಸಿ ನವೆಂಬರ್‌ನಲ್ಲಿ ಹೊರಡುವವರಿಗೆ ಈ ಲೆಕ್ಕ ಉಲ್ಟಾ. ಆಗ ಪಂಗಾನ್‌ನಲ್ಲಿ ಮಳೆ, ಲಾಂಟಾದಲ್ಲಿ ಬಿಸಿಲು ಬರುತ್ತಾ ರೇಟು ಏರತೊಡಗುತ್ತದೆ, ಜಮ್‌ನ ಬಂಗಲೆಗಳ ಬೀಗವೂ ತೆರೆದಿರುತ್ತದೆ.