ಕಮೋಡಿನ ಮುಂದಿನ ಕಾಲುಮಣೆ: 8 ತಿಂಗಳ ಬಳಕೆಯ ನಂತರ

ಕಮೋಡಿನ ಬುಡಕ್ಕೆ ಒತ್ತಿಕೊಳ್ಳುವಂತೆ ನಡುವೆ ಕಮಾನಿನ ಹಾಗೆ ಕತ್ತರಿಸಿದ, ಸುಮಾರು 18 ಸೆಂಟಿಮೀಟರ್ ಎತ್ತರದ ಬಿಳಿ ಪ್ಲಾಸ್ಟಿಕ್ಕಿನ ಕಾಲುಮಣೆಯೊಂದನ್ನು ನಾನು 8 ತಿಂಗಳಿಂದ ಬಳಸುತ್ತಿದ್ದೇನೆ. ಶೌಚಕ್ಕೆ ಕೂತಾಗ ಪಾದಗಳನ್ನು ಅದರ ಮೇಲಿಟ್ಟರೆ ಮೊಣಕಾಲುಗಳು ಸೊಂಟಕ್ಕಿಂತ ಮೇಲೆ ಬಂದು, ಕುಕ್ಕರಗಾಲಿನ ಭಂಗಿಗೆ ಹತ್ತಿರವಾಗುತ್ತೇವೆ ಎಂಬುದಷ್ಟೇ ಇದರ ಒಟ್ಟು ತಂತ್ರಜ್ಞಾನ. ಇಂಥದ್ದೊಂದು ವಸ್ತುವಿಗೆ ವಿಮರ್ಶೆ ಬೇಕೇ ಎಂದು ಯಾರಾದರೂ ನಗಬಹುದು. ಮಲಬದ್ಧತೆಯನ್ನು 15 ವರ್ಷ ಕಡೆಗಣಿಸಿ, ಅದರ ಫಲವಾಗಿ ಮೊದಲು ಮೂಲವ್ಯಾಧಿಯನ್ನೂ ಆಮೇಲೆ ಗುದದ್ವಾರದ ಸೀಳನ್ನೂ ಅನುಭವಿಸಿದ ನನಗೆ ನಗು ಬರುವುದಿಲ್ಲ. ಈ ಮಣೆ ಯಾವ ತೊಂದರೆಯನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿದ್ದವು.

ಮಣೆಯ ಹಿಂದಿರುವ ತರ್ಕ ಗಟ್ಟಿಯಾದದ್ದೇ. ಗುದನಾಳ ಮುಗಿದು ಗುದದ್ವಾರ ಆರಂಭವಾಗುವ ಕಡೆ ಪ್ಯೂಬೊರೆಕ್ಟಾಲಿಸ್ ಎಂಬ ಸ್ನಾಯು ಹಿಂದಿನಿಂದ ಜೋಳಿಗೆಯಂತೆ ಬಳಸಿಕೊಂಡು ನಾಳವನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಅದರಿಂದಾಗಿ ಅಲ್ಲಿ ಸುಮಾರು 90 ಡಿಗ್ರಿಯ ಬಾಗು ಉಂಟಾಗಿ, ಬೇಡದ ಹೊತ್ತಿನಲ್ಲಿ ಮಲ ಜಾರದಂತೆ ತಡೆಯಿರುತ್ತದೆ. ತೊಡೆಗಳು ಹೊಟ್ಟೆಯ ಕಡೆಗೆ ಮಡಚಿದಾಗ ಆ ಬಾಗು ಸಡಿಲಗೊಂಡು ದಾರಿ ನೇರವಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 28 ಮಂದಿ ಆರೋಗ್ಯವಂತರು ಬೇರೆಬೇರೆ ಭಂಗಿಗಳಲ್ಲಿ ಶೌಚದ ಸಮಯವನ್ನು ದಾಖಲಿಸಿದಾಗ, ಸಾಧಾರಣ ಎತ್ತರದ ಆಸನದಲ್ಲಿ ಸರಾಸರಿ 130 ಸೆಕೆಂಡು ಹಿಡಿದದ್ದು ಕುಕ್ಕರಗಾಲಿನಲ್ಲಿ 51 ಸೆಕೆಂಡಿಗೆ ಇಳಿದಿತ್ತು. ಇಂತಹದೇ ಕಾಲುಮಣೆಯನ್ನು 52 ಜನರಿಗೆ ಕೊಟ್ಟು ನಡೆಸಿದ 2019ರ ಅಧ್ಯಯನದಲ್ಲಿ ಹೆಚ್ಚಿನವರು ತಿಣುಕುವುದು ಕಡಿಮೆಯಾಯಿತೆಂದು ಹೇಳಿದ್ದರು. ಎರಡೂ ಅಧ್ಯಯನಗಳು ನಡೆದದ್ದು ಆರೋಗ್ಯವಂತರ ಮೇಲೆಯೇ ಹೊರತು ದೀರ್ಘಕಾಲದ ಮಲಬದ್ಧತೆಯ ರೋಗಿಗಳ ಮೇಲಲ್ಲ ಎಂಬ ಸಂಗತಿಯನ್ನು ಮಾತ್ರ ಪೆಟ್ಟಿಗೆಯ ಮೇಲಿನ ಬರಹ ಜಾಣತನದಿಂದ ಬಿಟ್ಟಿದೆ.

ಈ ವಸ್ತುವಿನ ಬೆಲೆ ಗೊತ್ತಾಗಬೇಕಾದರೆ ತಿಣುಕುವ ಅಭ್ಯಾಸ ವರ್ಷಗಟ್ಟಲೆ ನಡೆದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಗುದದ್ವಾರದ ಒಳಗೆ ಎಲ್ಲರಿಗೂ ಇರುವ, ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಪದೇ ಪದೇ ಬೀಳುವ ಒತ್ತಡಕ್ಕೆ ಉಬ್ಬಿ, ಅವುಗಳನ್ನು ಹಿಡಿದಿಟ್ಟ ಅಂಗಾಂಶ ಸಡಿಲವಾಗಿ ಕೆಳಗೆ ಜಾರುತ್ತವೆ; ಮೂಲವ್ಯಾಧಿ ಎನ್ನುವುದು ಇದನ್ನೇ. ಸೀಳಿನ ಕಥೆ ಇನ್ನೂ ಕ್ರೂರವಾದದ್ದು. ಗಟ್ಟಿ ಮಲ ಗುದದ್ವಾರದ ಒಳಪದರವನ್ನು ಹರಿಯುತ್ತದೆ, ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ, ಬಿಗಿದ ಸ್ನಾಯು ಗಾಯಕ್ಕೆ ರಕ್ತ ಸರಿಯಾಗಿ ಹರಿಯಗೊಡುವುದಿಲ್ಲ, ನೋವಿಗೆ ಹೆದರಿ ಮನುಷ್ಯ ಶೌಚವನ್ನು ಮುಂದೂಡುತ್ತಾನೆ, ಮುಂದೂಡಿದಷ್ಟೂ ಕರುಳು ನೀರನ್ನು ಹೀರಿಕೊಂಡು ಮಲ ಮತ್ತಷ್ಟು ಗಟ್ಟಿಯಾಗುತ್ತದೆ. ಎಂಟು ವಾರ ದಾಟಿದ ಸೀಳು ತಾನಾಗಿಯೇ ಮಾಯುವುದು ಕಷ್ಟ. ನನ್ನದು ಮುಲಾಮು ಹಚ್ಚಿಯೂ ನಾಲ್ಕು ತಿಂಗಳು ಕಾಡಿತು, ಆ ದಿನಗಳಲ್ಲಿ ಬಚ್ಚಲಿನ ಬಾಗಿಲು ಕಂಡರೂ ಬೆವರುತ್ತಿದ್ದೆ.

ಇವೆರಡೂ ಕಣ್ಣಿಗೆ ಕಾಣುವ, ನೋಯುವ ತೊಂದರೆಗಳು. ಸದ್ದಿಲ್ಲದೆ ಆಗುವುದು ಶ್ರೋಣಿಯ, ಅಂದರೆ ಸೊಂಟದ ಎಲುಬುಗೂಡಿನ, ತಳದಲ್ಲಿ ಹಾಸಿದಂತಿರುವ ಸ್ನಾಯುಗಳ ಸವೆತ. ಪ್ರತಿ ಬಾರಿ ಉಸಿರು ಕಟ್ಟಿ ತಿಣುಕಿದಾಗಲೂ ಆ ಹಾಸು ಕೆಳಗೆ ಜಗ್ಗುತ್ತದೆ, ಅದರೊಂದಿಗೆ ಅಲ್ಲಿನ ನರವೂ ಹಿಗ್ಗುತ್ತದೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಗುದನಾಳ ಹೊರಗೆ ಜಾರುವುದು, ಹೆಂಗಸರಲ್ಲಿ ಗುದನಾಳದ ಮುಂಗೋಡೆ ಯೋನಿಯ ಕಡೆಗೆ ಉಬ್ಬಿಕೊಳ್ಳುವುದು ಉಂಟು. ಮಲ ಬಾರದೆಂದು ಯೌವನವಿಡೀ ಒದ್ದಾಡಿದವರೇ ಮುಪ್ಪಿನಲ್ಲಿ ಮಲ ಹಿಡಿದಿಟ್ಟುಕೊಳ್ಳಲಾರದೆ ಪರದಾಡುವ ವಿಪರ್ಯಾಸ ಬರುವುದು ಹೀಗೆ. ತಿಣುಕುವಾಗ ರಕ್ತದೊತ್ತಡ ಏರಿಳಿಯುವುದರಿಂದ ಹೃದಯದ ಕಾಯಿಲೆಯವರಿಗೂ ಇದು ಒಳ್ಳೆಯದಲ್ಲ. ತಿಣುಕುವುದನ್ನು ತಗ್ಗಿಸುವ ಯಾವುದೇ ಸಾಧನಕ್ಕೆ ನಾನು ಗೌರವ ಕೊಡುವುದು ಈ ಕಾರಣಕ್ಕೆ, ಅದು ಬರಿಯ ಪ್ಲಾಸ್ಟಿಕ್ ಮಣೆಯಾಗಿದ್ದರೂ ಸರಿ.

ಆದರೆ ಮಣೆ ಬದಲಿಸುವುದು ದಾರಿಯ ಕೋನವನ್ನು ಮಾತ್ರ, ದಾರಿಯಲ್ಲಿ ಬರುವುದನ್ನಲ್ಲ. ಬ್ರಿಸ್ಟಲ್ ಮಾಪಕ ಎಂದು 1997ರಿಂದ ಬಳಕೆಯಲ್ಲಿರುವ ಪಟ್ಟಿಯಲ್ಲಿ ಮಲವನ್ನು 7 ಬಗೆಯಾಗಿ ವಿಂಗಡಿಸಿದ್ದಾರೆ. ಬಿಡಿಬಿಡಿಯಾದ ಗಟ್ಟಿ ಗುಂಡುಗಳದ್ದು 1ನೆಯ ಬಗೆ, ನುಣುಪಾಗಿ ಮೆತ್ತಗಿರುವುದು 4ನೆಯದು. ಮೊದಲ ಎರಡು ತಿಂಗಳು ನನ್ನದು 1 ಮತ್ತು 2ರ ನಡುವೆಯೇ ಇದ್ದುದರಿಂದ, ಮಣೆಯ ಮೇಲೆ ಎಷ್ಟೇ ಶಿಸ್ತಾಗಿ ಕೂತರೂ ಹಿಂದಿಗಿಂತ ಹೆಚ್ಚಿನ ಸುಖವೇನೂ ಸಿಗಲಿಲ್ಲ. ಕಡೆಗೆ ವೈದ್ಯರ ಬಳಿ ಹೋದಾಗ ಅವರು ನಾನು ನುಂಗುತ್ತಿದ್ದ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ವಿಚಾರಿಸಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ದಿನಕ್ಕೆ 17 ಗ್ರಾಂ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಲು ಹೇಳಿದರು. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುವ ಔಷಧಿ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘಗಳು 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಬಲವಾಗಿ ಶಿಫಾರಸು ಮಾಡಿದವುಗಳಲ್ಲಿ ಇದೂ ಒಂದು. ಮೂರನೆಯ ವಾರಕ್ಕೆ ಮಲ ಮೆತ್ತಗಾದ ಮೇಲೆಯೇ ಮಣೆಯ ಉಪಕಾರ ನನ್ನ ಅನುಭವಕ್ಕೆ ಬಂದದ್ದು: 20 ನಿಮಿಷ ಕೂರುತ್ತಿದ್ದವನು ಈಗ 5 ನಿಮಿಷದೊಳಗೆ ಎದ್ದು ಬರುತ್ತೇನೆ.

ಮಲ ಗುದನಾಳದಲ್ಲೇ ಗಂಟುಕಟ್ಟಿ ಕೂತವರಿಗಂತೂ ಮಣೆಯಿಂದ ಏನೂ ಆಗದು. ಅಂತಹ ಗಂಟಿನ ಸುತ್ತಲಿನಿಂದ ನೀರಾದ ಮಲ ಸೋರುವುದನ್ನು ಭೇದಿಯೆಂದು ತಪ್ಪು ತಿಳಿದು, ಭೇದಿ ನಿಲ್ಲುವ ಮಾತ್ರೆ ಕೊಟ್ಟು ಇನ್ನಷ್ಟು ಕೆಡಿಸುವುದು, ಅದರಲ್ಲೂ ಹಾಸಿಗೆ ಹಿಡಿದ ವೃದ್ಧರ ವಿಷಯದಲ್ಲಿ, ಅಪರೂಪವಲ್ಲ. ಗಂಟು ಬಹುಕಾಲ ಉಳಿದರೆ ಗುದನಾಳ ಹಿಗ್ಗಿ, ತುಂಬಿದ ಅರಿವನ್ನೇ ಕಳೆದುಕೊಳ್ಳುತ್ತದೆ. ಮೂತ್ರಕೋಶದ ಮೇಲೆ ಒತ್ತಿ ಮೂತ್ರ ಕಟ್ಟಿಸುತ್ತದೆ. ತೀರ ವಿರಳವಾಗಿ ಕರುಳಿನ ಗೋಡೆಯಲ್ಲಿ ಹುಣ್ಣಾಗಿ ತೂತು ಬೀಳುವುದೂ ಇದೆ. ಇನ್ನು ಕೆಲವರಲ್ಲಿ ಸಡಿಲಬೇಕಾದ ಸ್ನಾಯು ತಿಣುಕುವಾಗ ಬಿಗಿಯುತ್ತದೆ. ಅವರಿಗೆ ಬೇಕಾದದ್ದು, ಸ್ನಾಯುವಿನ ಬಿಗಿತವನ್ನು ಉಪಕರಣದಲ್ಲಿ ನೋಡುತ್ತಾ ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ.

ಪೆಟ್ಟಿಗೆಯೊಳಗಿನ ಕರಪತ್ರದ ಮೇಲೆ ನನ್ನ ದೊಡ್ಡ ತಕರಾರಿದೆ. ಮಲ ಉಳಿದರೆ ಅದರ ವಿಷ ರಕ್ತಕ್ಕೆ ಸೇರುತ್ತದೆ, ಮಣೆ ಬಳಸಿದರೆ ದೊಡ್ಡ ಕರುಳಿನ ಕ್ಯಾನ್ಸರ್ ದೂರವಾಗುತ್ತದೆ ಎಂದು ಅದರಲ್ಲಿ ಅಚ್ಚುಹಾಕಿದ್ದಾರೆ. ಮೊದಲನೆಯದು ನೂರು ವರ್ಷದ ಹಿಂದೆಯೇ ಮೆರೆದು ಮಣ್ಣಾದ ನಂಬಿಕೆ. ಅದನ್ನು ನಂಬಿ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಕ್ಯಾನ್ಸರಿನ ಮಾತಿಗೆ ಬಂದರೆ, ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಲಬದ್ಧತೆ ಅದಕ್ಕೆ ಕಾರಣವೆಂದು ಕಂಡುಬಂದಿಲ್ಲ. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ನಡುವಯಸ್ಸಿನ ನಂತರ ಹೊಸದಾಗಿ ಆರಂಭವಾದ ಮಲಬದ್ಧತೆ, ಇವು ಕಂಡರೆ ಕರುಳಿನ ಪರೀಕ್ಷೆ ಮಾಡಿಸಲೇಬೇಕು. ಹೆದರಿಸುವುದಕ್ಕೆ ಎರಡು ಪುಟ ಮೀಸಲಿಟ್ಟವರು ಈ ಒಂದು ಸಾಲಿಗೆ ಜಾಗ ಕೊಟ್ಟಿಲ್ಲ.

ವಸ್ತುವಿನ ಗುಣಮಟ್ಟ ಸಾಧಾರಣ. ನನ್ನ ಭಾರ ಪೂರ್ತಿ ಬಿಟ್ಟರೂ ಪ್ಲಾಸ್ಟಿಕ್ ಬಾಗಿಲ್ಲ, ಬಳಸದಾಗ ಕಮೋಡಿನಡಿ ತಳ್ಳಿಬಿಡಬಹುದು. ಮೇಲ್ಭಾಗದಲ್ಲಿ ಪಾದ ಜಾರದಿರಲೆಂದು ಕೊಟ್ಟಿರುವ ಸಣ್ಣ ಗೆರೆಗಳು ಒದ್ದೆ ಕಾಲಿಗೆ ಸಾಲವು, ಒಳಬದಿಯ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುವುದರಿಂದ ವಾರಕ್ಕೊಮ್ಮೆ ಮಗುಚಿ ಉಜ್ಜಬೇಕು, ಅಡಿಯ ನಾಲ್ಕು ರಬ್ಬರ್ ಬಿಲ್ಲೆಗಳಲ್ಲಿ ಎರಡು ಆರನೆಯ ತಿಂಗಳಿಗೇ ಕಳಚಿದವು. ಮೊಣಕಾಲು ನೋವಿರುವ ನಮ್ಮ ತಾಯಿಯವರಿಗೆ ಈ ಎತ್ತರ ಒಗ್ಗಲಿಲ್ಲ. ಅಷ್ಟು ಮಡಚಿದ ಕಾಲಿನಿಂದ ಏಳುವಾಗ ಅವರು ಗೋಡೆ ತಡಕಾಡುವುದನ್ನು ಕಂಡು ನಾನೇ ಬೇಡವೆಂದೆ. ಸೊಂಟದ ಕೀಲು ಬದಲಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಕರಪತ್ರಕ್ಕೆ, ಉಳಿದ ಅರ್ಧ ಕಳಚಿಬಿದ್ದ ರಬ್ಬರಿಗೆ. ಕೊಳ್ಳುವ ಮನಸ್ಸಿದ್ದವರು ಮೊದಲು ಎರಡು ವಾರ ಅಷ್ಟೇ ಎತ್ತರದ, ಅಲುಗಾಡದ ಯಾವುದಾದರೂ ಪೆಟ್ಟಿಗೆಯ ಮೇಲೆ ಕಾಲಿಟ್ಟು ನೋಡಬಹುದು, ಫೋನನ್ನು ಹೊರಗೆ ಬಿಟ್ಟು.